ಪ್ರಶ್ನೆ ಸಂಖ್ಯೆ 147: ಕಜಕಸ್ತಾನದ ಒಂದು ರಾಜ್ಯಶಾಸ್ತ್ರ ವಿಭಾಗದ ಪ್ರಕರಣ

ಊರು, ವಿಶ್ವವಿದ್ಯಾಲಯ, ಜನರ ಹೆಸರು ಯಾವುದನ್ನೂ ಇಲ್ಲಿ ಹೇಳಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ದೇಶವನ್ನು ಮಾತ್ರ ಮುಚ್ಚಿಡಲಾಗದು. ಕಜಕಸ್ತಾನದ ಪಿಎಚ್.ಡಿ. ನಿಯಮ, ಅಲ್ಲಿನ ಹಳ್ಳಿ ಚುನಾವಣೆ, ಅಲ್ಲಿನ 2022ರ ಜನವರಿ, ಇವನ್ನು ತೆಗೆದರೆ ಹೇಳಲು ಏನೂ ಉಳಿಯುವುದಿಲ್ಲ.

ನಾನು ಇದರೊಳಗೆ ಬಂದದ್ದು ಒಂದು ನಿಯಮದ ದೆಸೆಯಿಂದ. ಅಲ್ಲಿ ಪಿಎಚ್.ಡಿ. ಮಾಡುವವರಿಗೆ ಇಬ್ಬರು ಮಾರ್ಗದರ್ಶಕರಿರಬೇಕು, ಅವರಲ್ಲೊಬ್ಬರು ಹೊರದೇಶದವರಾಗಿರಬೇಕು. ಗ್ರಾಮ ಪಂಚಾಯಿತಿಗಳ ಮೇಲೆ ಕೆಲಸ ಮಾಡಿದ್ದ ನನಗೆ 2020ರ ಶರತ್ಕಾಲದಲ್ಲಿ ಒಂದು ಇಮೇಲ್ ಬಂತು. ಸಂಶೋಧಕಿಗೆ ಹಳ್ಳಿ ಆಡಳಿತದ ಮೇಲೆ ಥೀಸಿಸ್ ಬರೆಯುವ ಆಸೆ, ನೀವು ಎರಡನೇ ಗೈಡ್ ಆಗುತ್ತೀರಾ ಎಂದು. ರುಜು ಹಾಕಿ ವರ್ಷಕ್ಕೊಂದು ವರದಿ ಕಳಿಸಿದರೆ ಮುಗಿಯಿತು ಅಂದುಕೊಂಡು ಒಪ್ಪಿದೆ.

ಹಿನ್ನೆಲೆ

ವಿಭಾಗಕ್ಕೆ ಅಲ್ಲಿ ‘ಕಾಫೆದ್ರಾ’ ಎನ್ನುತ್ತಾರೆ. ಮೊದಲ ಭೇಟಿ ಕೋವಿಡ್ ಕಾಲದ ಝೂಮ್ ಪರದೆಯಲ್ಲಿ. ಹಿರಿಯ ಪ್ರಾಧ್ಯಾಪಕರ ಬೆನ್ನ ಹಿಂದೆ ಕಡುನೀಲಿ ರಟ್ಟಿನ ಪುಸ್ತಕಗಳ ಒಂದು ಉದ್ದ ಸಾಲು ಕಂಡಿತು: ಲೆನಿನ್ ಸಮಗ್ರ ಕೃತಿಗಳು, 55 ಸಂಪುಟ. ಎಸೆಯಲು ಮನಸ್ಸಿಲ್ಲ, ತೆಗೆಯುವವರಿಲ್ಲ. ಮುಂದೆ 2023ರ ವಸಂತದಲ್ಲಿ ಆ ಕೋಣೆಗೆ ಹೋದಾಗ ನೋಡಿದೆ, ಅದೇ ಕಪಾಟಿನ ಮೇಲೆ ಎಲೆಕ್ಟ್ರಿಕ್ ಕೆಟಲ್ ಇಟ್ಟಿದ್ದರು.

ಆ ಪುಸ್ತಕಗಳು ಅಲ್ಲಿರುವುದಕ್ಕೆ ಕಾರಣವಿದೆ. ಸೋವಿಯತ್ ವಿಶ್ವವಿದ್ಯಾಲಯಗಳಲ್ಲಿ ರಾಜ್ಯಶಾಸ್ತ್ರ ಎಂಬ ಪ್ರತ್ಯೇಕ ವಿಷಯ ಇರಲಿಲ್ಲ. 1963ರಿಂದ ಎಲ್ಲರೂ ಕಡ್ಡಾಯವಾಗಿ ಓದುತ್ತಿದ್ದುದು ‘ವೈಜ್ಞಾನಿಕ ಕಮ್ಯುನಿಸಂ’. ವಿಚಿತ್ರವೆಂದರೆ 1979ರಲ್ಲಿ ಅಂತಾರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘದ ವಿಶ್ವ ಸಮ್ಮೇಳನ ಮಾಸ್ಕೋದಲ್ಲೇ ನಡೆಯಿತು. ಆತಿಥ್ಯ ಕೊಟ್ಟ ದೇಶದಲ್ಲಿ ಆ ಹೆಸರಿನ ಡಾಕ್ಟರೇಟ್ ಇರಲಿಲ್ಲ! 1989ರಲ್ಲಿ ಅದು ಅಧಿಕೃತ ಸಂಶೋಧನಾ ವಿಷಯವಾಯಿತು. ಬಳಿಕ ವರ್ಷ ಎರಡು ವರ್ಷದೊಳಗೆ ವೈಜ್ಞಾನಿಕ ಕಮ್ಯುನಿಸಂನ ಕಾಫೆದ್ರಾಗಳು ಬೋರ್ಡು ಬದಲಿಸಿಕೊಂಡವು. ಕೋಣೆ ಅದೇ, ಕುರ್ಚಿ ಅದೇ, ಮೇಷ್ಟ್ರೂ ಅವರೇ. ನಮ್ಮ ಹಿರಿಯ ಪ್ರಾಧ್ಯಾಪಕರು ಜೂನ್‌ವರೆಗೆ ಒಂದು ವಿಷಯ ಪಾಠ ಮಾಡಿ, ರಜೆ ಮುಗಿಸಿ ಬಂದು, ಸೆಪ್ಟೆಂಬರಿನಿಂದ ಇನ್ನೊಂದು ಪಾಠ ಮಾಡಿದವರು. ಇದನ್ನು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಅವರನ್ನು ಎಲ್ಲರೂ ‘ಅಗಾಯ್’ ಎನ್ನುತ್ತಾರೆ, ನಾವು ಮೇಷ್ಟ್ರೇ ಎನ್ನುವ ಹಾಗೆ. ಮೇಷ್ಟರಮ್ಮನಿಗೆ ‘ಅಪಾಯ್’. ಕನ್ನಡದ ಕಿವಿಗೆ ಆ ಕೂಗು ಮೊದಲ ಸಲ ಬಿದ್ದಾಗ ನಾನು ಬೆಚ್ಚಿ ಹಿಂತಿರುಗಿ ನೋಡಿದ್ದುಂಟು.

2010ರಲ್ಲಿ ಕಜಕಸ್ತಾನ, ದೇಶದೇಶಗಳ ಪದವಿಗಳನ್ನು ಒಂದೇ ಮಾದರಿಗೆ ತರುವ ಯುರೋಪಿನ ಬೊಲೋನ್ಯಾ ವ್ಯವಸ್ಥೆಗೆ ಸೇರಿತು. ಸೋವಿಯತ್ ಕಾಲದ ‘ಕಾಂದಿದಾತ್’ ಎಂಬ ಸಂಶೋಧನಾ ಪದವಿ ಹೋಗಿ ಪಿಎಚ್.ಡಿ. ಬಂತು. 2011ರ ನಿಯಮ ಇನ್ನೂ ಮುಂದೆ ಹೋಯಿತು: ವೈವಾಕ್ಕೆ ಮುಂಚೆ ಏಳು ಲೇಖನ ಅಚ್ಚಾಗಿರಬೇಕಿತ್ತು, ಒಂದಾದರೂ ಸ್ಕೋಪಸ್‌ನಂಥ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಪತ್ರಿಕೆಯಲ್ಲಿ ಬಂದಿರಬೇಕಿತ್ತು. ಪಾಠದ ಕಡೆ ಆದ ಬದಲಾವಣೆಯ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ. ಸೋವಿಯತ್ ಪದ್ಧತಿಯಲ್ಲಿ ವಿದ್ಯಾರ್ಥಿ ಮೇಜಿನ ಮೇಲೆ ಮಗುಚಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿ, ಅದರ ಎರಡು ಮೂರು ಪ್ರಶ್ನೆಗಳಿಗೆ ಅರ್ಧ ಗಂಟೆ ಯೋಚಿಸಿ, ಮೇಷ್ಟರ ಮುಂದೆ ಕೂತು ಬಾಯಲ್ಲಿ ಉತ್ತರ ಹೇಳಬೇಕಿತ್ತು. ಕ್ರೆಡಿಟ್ ಪದ್ಧತಿ ಬಂದ ಮೇಲೆ ಈ ಕಾಫೆದ್ರಾದಲ್ಲಿ ಅದರ ಜಾಗಕ್ಕೆ ಬಂದದ್ದು ಕಂಪ್ಯೂಟರಿನಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತುವ ಪರೀಕ್ಷೆ. ಸುಧಾರಣೆ ಅಂತ ಕರೆದರು. ನನ್ನ ಕೇಳಿದರೆ ಚೀಟಿಯೇ ವಾಸಿ.

ಶೀರ್ಷಿಕೆಯ ಜಗಳ

2020ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ತೊಕಾಯೆವ್ ತಮ್ಮ ವಾರ್ಷಿಕ ಭಾಷಣದಲ್ಲಿ, ಮುಂದಿನ ವರ್ಷದಿಂದ ಹಳ್ಳಿಗಳ ಅಕಿಮರನ್ನು ಜನರೇ ನೇರವಾಗಿ ಆರಿಸುತ್ತಾರೆ ಎಂದು ಘೋಷಿಸಿದರು. ಅಕಿಮ್ ಅಂದರೆ ಆಡಳಿತದ ಮುಖ್ಯಸ್ಥ, ಉರ್ದುವಿನ ‘ಹಾಕಿಮ್’ ಇದರ ಬಂಧುವೇ. 2013ರಿಂದ ಹಳ್ಳಿ ಅಕಿಮನನ್ನು ಆರಿಸುತ್ತಿದ್ದುದು ಜಿಲ್ಲೆಯ ‘ಮಸ್ಲಿಖಾತ್’, ಅಂದರೆ ಸ್ಥಳೀಯ ಸಭೆ. ಈ ಪದ ನಮ್ಮಲ್ಲೂ ಇದೆ. ಅರಬ್ಬಿಯ ಒಂದೇ ಬೇರಿನಿಂದ ಹೊರಟು ಅಲ್ಲಿ ಜನಪ್ರತಿನಿಧಿಗಳ ಸಭೆಯಾಯಿತು, ಕನ್ನಡಕ್ಕೆ ಬಂದು ‘ಮಸಲತ್ತು’ ಆಯಿತು. ಇದನ್ನು ಸಂಶೋಧಕಿಗೆ ಹೇಳಿದಾಗ ಆಕೆ ಬಹಳ ಹೊತ್ತು ನಕ್ಕಳು. ಕಾಫೆದ್ರಾದಲ್ಲಿ ಮಾತ್ರ ಇದನ್ನು ಹೇಳಬೇಡಿ ಎಂದಳು.

ಆಕೆ ಕೇಳಲು ಹೊರಟ ಪ್ರಶ್ನೆ ಸರಳವಾಗಿತ್ತು. ಮೊದಲ ಬಾರಿ ತಮ್ಮ ಅಕಿಮನನ್ನು ತಾವೇ ಆರಿಸುವ ಹಳ್ಳಿಯವರು ಈ ಅಧಿಕಾರವನ್ನು ನಂಬುತ್ತಾರೆಯೇ? ನಂಬದಿದ್ದರೂ ಮತ ಹಾಕಲು ಹೋಗುವುದೇಕೆ? ಕಾಫೆದ್ರಾದ ಸಭೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ರಾಜಕೀಯವಾಗಿ ಸೂಕ್ಷ್ಮ ಎಂದೂ ಯಾರೂ ಬಾಯಿಬಿಡಲಿಲ್ಲ. ಬಂದ ಆಕ್ಷೇಪಣೆಗಳೇ ಬೇರೆ: ಇನ್ನೂ ನಡೆಯದ ಚುನಾವಣೆಯ ಮೇಲೆ ವಿಷಯ ನೋಂದಾಯಿಸುವುದು ಹೇಗೆ, ಮುಂದೂಡಿದರೆ ಪಿಎಚ್.ಡಿ.ಗೆ ಇರುವ ಮೂರು ವರ್ಷದ ಲೆಕ್ಕ ಏನಾಗಬೇಕು, ಇದನ್ನು ಯಾವ ಪತ್ರಿಕೆ ಹಾಕಿಕೊಳ್ಳುತ್ತದೆ, ಪರೀಕ್ಷಕರು ಎಲ್ಲಿ ಸಿಗುತ್ತಾರೆ? ಸೋವಿಯತ್ ನಂತರದ ವಿಶ್ವವಿದ್ಯಾಲಯ ಎಂದೊಡನೆ ಮೇಲಿನಿಂದ ಬರುವ ಸೆನ್ಸಾರ್ ಕಲ್ಪಿಸಿಕೊಂಡಿದ್ದವನು ನಾನು. ಅಲ್ಲಿ ಕಂಡದ್ದು ಕ್ಯಾಲೆಂಡರ್. ಮೂರು ವರ್ಷ, ಏಳು ಲೇಖನ, ಒಂದು ಸ್ಕೋಪಸ್ ಎಂಬ ಲೆಕ್ಕ ಮುಂದಿಟ್ಟರೆ ಅಪಾಯದ ವಿಷಯಗಳು ತಾವಾಗಿಯೇ ಉದುರಿಹೋಗುತ್ತವೆ.

ಕೊನೆಗೆ ಅಗಾಯ್ ಒಂದು ಶೀರ್ಷಿಕೆ ಸೂಚಿಸಿದರು: ಕಜಕಸ್ತಾನದಲ್ಲಿ ಸ್ಥಳೀಯ ಸ್ವಯಮಾಡಳಿತದ ಆಧುನೀಕರಣ, ಸ್ಥಿತಿಗತಿ ಮತ್ತು ಸಾಧ್ಯತೆಗಳು. ನನಗೆ ಸಿಟ್ಟು ಬಂತು. ಇದು ಇಡೀ ದೇಶಕ್ಕೆ ಸುಣ್ಣ ಬಳಿದಂಥ ಶೀರ್ಷಿಕೆ, ಪ್ರಶ್ನೆಯೇ ಕಾಣೆಯಾಗಿದೆ ಎಂದು ಉದ್ದ ಇಮೇಲ್ ಬರೆದೆ. ಅಗಾಯ್ ಉತ್ತರ ಬರೆಯಲಿಲ್ಲ. ಸಂಶೋಧಕಿಯ ಹತ್ತಿರ ಹೇಳಿ ಕಳಿಸಿದರು: ಶೀರ್ಷಿಕೆ ಅವರಿಗೆ, ಮೂರನೇ ಅಧ್ಯಾಯ ನಿನಗೆ, ಮಗಳೇ. ಅವರ ಕಾಲದಲ್ಲಿ ಮೊದಲ ಅಧ್ಯಾಯದಲ್ಲಿ ಲೆನಿನ್‌ನನ್ನು ಉದ್ಧರಿಸಿ, ನಿಜವಾದ ಕೆಲಸವನ್ನು ಒಳಪುಟಗಳಲ್ಲಿ ಇಡುತ್ತಿದ್ದರಂತೆ.

ನಾನದನ್ನು ಹಳೆಯ ಹೇಡಿತನ ಎಂದುಕೊಂಡೆ. ಸಂಶೋಧಕಿ ಒಪ್ಪಿಕೊಂಡಳು. 2021ರಲ್ಲಿ ಚುನಾವಣೆ ನಡೆದೇ ನಡೆದಾಗ ಆಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ‘ಸಾಧ್ಯತೆಗಳು’ ಎಂಬ ಆ ಸಡಿಲ ಪದದೊಳಗೆ ಅದು ಆರಾಮಾಗಿ ಕೂತಿತು. ನಾನು ಬಯಸಿದ ಖಡಕ್ ಶೀರ್ಷಿಕೆಯನ್ನೇ ಹಿಡಿದಿದ್ದರೆ, ಹಳ್ಳಿಯಲ್ಲಿ ಕಂಡದ್ದಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವಾಗ ಮತ್ತೆ ಇಡೀ ಸಭೆಗೆ ಹೋಗಬೇಕಾಗುತ್ತಿತ್ತು. ಈ ಪ್ರಕರಣದಲ್ಲಿ ನಾನು ತಪ್ಪಿದ ಮೊದಲ ಜಾಗ ಇದು.

ತುಂಬಿದ ಪಿಯಾಲೆ

2021ರ ಜುಲೈ 25ರಂದು ಏಳುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ, ಹಳ್ಳಿಗುಂಪುಗಳಲ್ಲಿ ನೇರ ಚುನಾವಣೆ ನಡೆಯಿತು. ಎಲ್ಲ ಕಡೆಯೂ ಅಲ್ಲ, ಹಳೆಯ ಅಕಿಮನ ಅವಧಿ ಮುಗಿದ ಕಡೆ ಮಾತ್ರ. ಈ ವಿವರ ಮುಂದೆ ಬೇಕಾಗುತ್ತದೆ, ನೆನಪಿರಲಿ. ಪಕ್ಷದಿಂದಲೂ ನಿಲ್ಲಬಹುದಿತ್ತು, ಸ್ವತಂತ್ರವಾಗಿಯೂ ನಿಲ್ಲಬಹುದಿತ್ತು. ನಮ್ಮಲ್ಲಿ ತಿರುವುಮುರುವು: ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಅಧ್ಯಕ್ಷರನ್ನು ಆರಿಸುವುದು ಸದಸ್ಯರು. ಈ ಹೋಲಿಕೆಯ ಮೇಲೆ ನಾವಿಬ್ಬರೂ ಎಷ್ಟೋ ಸಂಜೆ ಹರಟಿದ್ದೇವೆ. ಥೀಸಿಸ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಒಂದೂವರೆ ಪುಟ.

ಮೊದಲ ಸಂದರ್ಶನವೇ ಕೆಟ್ಟಿತು. ಅಂತಾರಾಷ್ಟ್ರೀಯ ಪತ್ರಿಕೆಗಳು ಕೇಳುತ್ತವೆ ಎಂದು ವಿಶ್ವವಿದ್ಯಾಲಯ ಹೊಸದಾಗಿ ನೀತಿಸಂಹಿತೆ ಸಮಿತಿ ಮಾಡಿತ್ತು. ಸಮಿತಿ ಒಂದು ಒಪ್ಪಿಗೆ ಪತ್ರ ಕೊಟ್ಟಿತ್ತು: ಇಂಗ್ಲಿಷಿನಿಂದ ರಷ್ಯನ್ನಿಗೆ, ರಷ್ಯನ್ನಿನಿಂದ ಕಜಕ್‌ಗೆ ಇಳಿದುಬಂದ ಎರಡು ಪುಟ, ಕೊನೆಯಲ್ಲಿ ಸಹಿ. ಮನೆಯ ಯಜಮಾನ ಹಿಂದಿನ ಅಕಿಮನ ಬಗ್ಗೆ, ನೀರಿನ ಕೊಳವೆಯ ಬಗ್ಗೆ ಧಾರಾಳವಾಗಿ ಮಾತಾಡುತ್ತಿದ್ದರು. ಮನೆಯಾಕೆ ಪಿಯಾಲೆಗೆ ಹಾಲು ಬೆರೆಸಿದ ಚಹಾ ಸುರಿದು ಸುರಿದು ಕೊಡುತ್ತಿದ್ದಳು, ಪ್ರತಿ ಸಲ ಅರ್ಧಕ್ಕಿಂತ ಕಮ್ಮಿ. ಅದು ಅಲ್ಲಿನ ಮರ್ಯಾದೆ. ಬಟ್ಟಲು ಬೇಗ ಖಾಲಿಯಾಗಬೇಕು, ಮತ್ತೆ ಮತ್ತೆ ತುಂಬಿಸಬೇಕು, ಅತಿಥಿ ಕೂತಷ್ಟು ಹೊತ್ತು ಚಹಾ ಬಿಸಿಯಾಗಿರಬೇಕು. ಸಂಶೋಧಕಿ ಚೀಲದಿಂದ ಒಪ್ಪಿಗೆ ಪತ್ರ ತೆಗೆದಳು. ಯಜಮಾನರು ಓದಲಿಲ್ಲ, ಈ ಕಾಗದ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ಕೇಳಿದರು. ಮುಂದಿನ ಪಿಯಾಲೆ ಅಂಚಿನವರೆಗೆ ತುಂಬಿ ಬಂತು.

ರಾತ್ರಿ ಫೋನಿನಲ್ಲಿ ಇದನ್ನು ಕೇಳಿ ನಾನು, ಚೆನ್ನಾಗಿ ಉಪಚಾರ ಮಾಡಿದ್ದಾರಲ್ಲ ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು ಹೇಳಿದಳು: ಸರ್, ಬಟ್ಟಲು ತುಂಬಿ ಕೊಟ್ಟರೆ ಕುಡಿದು ಹೊರಡಿ ಅಂತ ಅರ್ಥ.

ಸಹಿ ಕೇಳುವುದು ಸಂದರ್ಶನ ಕೊಟ್ಟವರ ರಕ್ಷಣೆಗಾಗಿ ಹುಟ್ಟಿದ ಪದ್ಧತಿ. ಸಹಿ ಹಾಕಿದ ಕಾಗದ ಸರಕಾರದ ಕಡತ ಸೇರುತ್ತದೆ ಎಂದು ತಲೆಮಾರುಗಳಿಂದ ಕಲಿತ ಊರಿನಲ್ಲಿ ಅದು ರಕ್ಷಣೆಯಾಗುವುದಿಲ್ಲ. ಆಕೆ ಕ್ಷೇತ್ರಕಾರ್ಯ ನಿಲ್ಲಿಸಿ ವಾಪಸ್ ಬಂದಳು. ಸಹಿಯ ಬದಲು ಬಾಯಿಮಾತಿನ ಒಪ್ಪಿಗೆ ಸಾಕು, ರೆಕಾರ್ಡರ್ ಬೇಡ, ಟಿಪ್ಪಣಿ ಸಾಕು ಎಂದು ಸಮಿತಿಗೆ ಅರ್ಜಿ ಹಾಕಿದಳು. ಸಮಿತಿಯವರಿಗೆ ಇದು ಹೊಸದು, ನಿಯಮ ಸಡಿಲಿಸಿದ ಅಪವಾದ ಬಂದೀತೆಂಬ ಭಯ. ಬೇರೆ ದೇಶಗಳಲ್ಲಿ ಇದಕ್ಕೆ ಅವಕಾಶವಿದೆ ಎಂದು ನಾನೊಂದು ಪತ್ರ ಬರೆದುಕೊಟ್ಟೆ. ಹೊರದೇಶದ ಗೈಡ್ ಎಂಬ ಬಿರುದಿನಿಂದ ಆದ ನಿಜವಾದ ಉಪಯೋಗ ಬಹುಶಃ ಅದೊಂದೇ. ಅನುಮತಿ ಬರುವಷ್ಟರಲ್ಲಿ ಬೇಸಗೆ ಮುಗಿದಿತ್ತು. ಆದರೆ ಶರತ್ಕಾಲದ ಸಂದರ್ಶನಗಳು ಬೇರೆಯೇ ಥರದವು. ಚುನಾವಣೆಯ ಕಾವು ಇಳಿದಿತ್ತು, ಹೊಸ ಅಕಿಮ್ ಏನು ಮಾಡಬಲ್ಲ, ಏನು ಮಾಡಲಾರ ಎಂಬುದು ಜನಕ್ಕೆ ಗೊತ್ತಾಗತೊಡಗಿತ್ತು. ಆ ತಡ ಆಕೆಯ ಅದೃಷ್ಟವಾಯಿತು.

ಜನವರಿ

2022ರ ಜನವರಿ 2ರಂದು ದೇಶದ ಪಶ್ಚಿಮದ ತೈಲ ಪಟ್ಟಣ ಝಾನಾಓಜೆನ್‌ನಲ್ಲಿ ವಾಹನದ ಗ್ಯಾಸ್ ಬೆಲೆ ಏರಿದ್ದಕ್ಕೆ ಶುರುವಾದ ಪ್ರತಿಭಟನೆ ಕೆಲವೇ ದಿನದಲ್ಲಿ ದೇಶವನ್ನೆಲ್ಲ ಹಬ್ಬಿತು. ದೇಶದ ಅತಿ ದೊಡ್ಡ ನಗರ ಅಲ್ಮಾಟಿಯಲ್ಲಿ ಗುಂಡು ಹಾರಿತು. ಸರಕಾರದ ಲೆಕ್ಕದಲ್ಲೇ ಸತ್ತವರು 238. 5ನೇ ತಾರೀಖಿನಿಂದ ಇಂಟರ್ನೆಟ್ ಇರಲಿಲ್ಲ. ನನ್ನ ಸಂದೇಶಗಳು ಒಂದೇ ಟಿಕ್ ಮಾರ್ಕಿನಲ್ಲಿ ನಿಂತವು. ಮತ್ತೆ ಸಂಪರ್ಕ ಸಿಕ್ಕಾಗ ಆಕೆ ಹೇಳಿದ ಮೊದಲ ಮಾತು, ಮನೆಯವರೆಲ್ಲ ಕ್ಷೇಮ. ಎರಡನೆಯದು, ಸಂದರ್ಶನ ಕೊಟ್ಟ ಕೆಲವರು ಫೋನ್ ಮಾಡಿ ತಮ್ಮ ಮಾತು ಬಳಸಬೇಡ ಎಂದಿದ್ದಾರೆ.

ಇಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯ ಬಂತು. ಹೆಸರಿಲ್ಲ, ಊರಿನ ಹೆಸರಿಲ್ಲ, ಯಾರಿಗೆ ಗೊತ್ತಾಗುತ್ತದೆ, ಸ್ವಲ್ಪ ಕಾಯೋಣ ಎಂದೆ ನಾನು. ಆ ಟಿಪ್ಪಣಿಗಳಲ್ಲಿ ಅಕಿಮನ ಕಚೇರಿಯ ಒಬ್ಬ ಲೆಕ್ಕಿಗರ ಮಾತಿತ್ತು, ಇಡೀ ಅಧ್ಯಾಯದ ಬೆನ್ನೆಲುಬು ಅದು. ಆಕೆ ಹೇಳಿದ್ದು ಇಷ್ಟು: ಆ ಕಚೇರಿಯಲ್ಲಿ ಲೆಕ್ಕಿಗರು ಒಬ್ಬರೇ. ‘ಒಬ್ಬ ಲೆಕ್ಕಿಗರು’ ಎಂದು ಬರೆದರೂ ಅದು ಹೆಸರೇ. ನನ್ನ ಉತ್ತರಕ್ಕೆ ಕಾಯದೆ ಆ ಪುಟಗಳನ್ನು ನೋಟ್‌ಬುಕ್ಕಿನಿಂದ ಹರಿದು ಒಲೆಗೆ ಹಾಕಿದಳು. ಅಧ್ಯಾಯ ಸೊರಗಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಉಳಿದವರಿಗೆ ಈ ಸುದ್ದಿ ಹೇಗೋ ಮುಟ್ಟಿತ್ತು. ಆ ವರ್ಷದ ಬೇಸಗೆಯಲ್ಲಿ ಆಕೆ ಮತ್ತೆ ಹೋದಾಗ, ಹಿಂದೆ ಸರಿದಿದ್ದವರಲ್ಲಿ ಒಬ್ಬರು ತಾವಾಗಿಯೇ ಕರೆದು ಕೂರಿಸಿದರು. ಅವರು ಆ ಲೆಕ್ಕಿಗರೋ ಅಲ್ಲವೋ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಸ್ಕೋಪಸ್ ಒಂದು

ಈ ಭಾಗವನ್ನು ನಮ್ಮ ವಿಶ್ವವಿದ್ಯಾಲಯಗಳ ಗೆಳೆಯರಿಗೆ ಬಿಡಿಸಿ ಹೇಳಬೇಕಿಲ್ಲ. 2018ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತನ್ನ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಕಿತ್ತು ಹಾಕಿದ್ದು ನೆನಪಿರಬಹುದು. ದುಡ್ಡು ಪಡೆದು ಲೇಖನ ಅಚ್ಚು ಹಾಕುವ ಅದೇ ಅಂಗಡಿ, ಅದೇ ವ್ಯಾಪಾರ ಅಲ್ಲೂ ಇದೆ. ಫೋನಿನ ಟೆಲಿಗ್ರಾಂ ಆ್ಯಪಿನಲ್ಲಿ ಸಂದೇಶ ಬರುತ್ತದೆ: ಎರಡು ತಿಂಗಳಲ್ಲಿ ಸ್ಕೋಪಸ್ ಗ್ಯಾರಂಟಿ, ಹಣ ಎರಡು ಕಂತು. ವಿಭಾಗದ ಮುಖ್ಯಸ್ಥೆ ಒಂದು ದಿನ ಮೆಲ್ಲಗೆ, ಎಲ್ಲರೂ ಹೀಗೇ ಮಾಡುತ್ತಾರೆ ಎಂದರು. ಅವರನ್ನು ಕೆಟ್ಟವರೆನ್ನಲಾರೆ. ಎಷ್ಟು ಮಂದಿ ಅವಧಿಯೊಳಗೆ ಡಾಕ್ಟರೇಟ್ ಮುಗಿಸಿದರು ಎಂಬ ಲೆಕ್ಕವನ್ನು ಅವರು ಮೇಲಿನವರಿಗೆ ಕೊಡಬೇಕಿತ್ತು. ಸಂಶೋಧಕಿಯ ಸಹಪಾಠಿಯೊಬ್ಬ ದುಡ್ಡು ಕಟ್ಟಿದ. ಲೇಖನ ಅಚ್ಚಾಯಿತು, ಕೆಲವು ತಿಂಗಳಿಗೆ ಆ ಪತ್ರಿಕೆಯೇ ಪಟ್ಟಿಯಿಂದ ಬಿತ್ತು. ಆತ ಎರಡನೇ ಸಲ ದುಡ್ಡು ಕಟ್ಟಿದ.

ಸಂಶೋಧಕಿ ಕಟ್ಟಲಿಲ್ಲ. ಕಟ್ಟದಿರುವುದು ಆಕೆಯ ತೀರ್ಮಾನ, ಆಮೇಲೆ ಆದ ವಿಳಂಬಕ್ಕೆ ಹೊಣೆ ನಾನು. ತೌಲನಿಕ ರಾಜಕೀಯದ ದೊಡ್ಡ ಪತ್ರಿಕೆಗೇ ಕಳಿಸೋಣ ಎಂದು ಹಟ ಹಿಡಿದೆ. ಎರಡು ಕಡೆ ಸಂಪಾದಕರ ಮೇಜಿನಿಂದಲೇ ವಾಪಸ್ ಬಂತು. ಒಬ್ಬರು ಬರೆದದ್ದರ ತಾತ್ಪರ್ಯ: ಕಜಕಸ್ತಾನವೇ ಯಾಕೆ? ಆ ಪ್ರಶ್ನೆಗೆ ಉತ್ತರ ಕೊಡಲು ಪೀಠಿಕೆಯನ್ನು ಮೂರು ಸಲ ತಿರುಗಿ ಬರೆದೆವು. ಅಮೆರಿಕದ ಒಂದು ಕೌಂಟಿಯ ಮೇಲೆ ಬರೆಯುವವರನ್ನು ಹೀಗೆ ಯಾರೂ ಕೇಳುವುದಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ. ಎಂಟು ತಿಂಗಳು ಹೋದ ಮೇಲೆ ಮಧ್ಯ ಏಷ್ಯಾ ಅಧ್ಯಯನದ ಸಣ್ಣ ಪತ್ರಿಕೆಯೊಂದಕ್ಕೆ ಕಳಿಸಿದೆವು. ಅಲ್ಲಿನ ವಿಮರ್ಶಕರು ಕೇಳಿದ ಪ್ರಶ್ನೆಗಳನ್ನು ನೋಡಿದರೆ ಅವರು ಅಂಥ ಹಳ್ಳಿಯ ಚಹಾ ಕುಡಿದವರೇ ಇರಬೇಕು. ಲೇಖನ ನಿಜಕ್ಕೂ ಚೆನ್ನಾದದ್ದು ಆ ಸುತ್ತಿನಲ್ಲಿ. ಮೊದಲೇ ಅಲ್ಲಿಗೆ ಕಳಿಸಬೇಕಿತ್ತು. ಮೂರು ವರ್ಷ ಮುಗಿದು ಸ್ಟೈಪೆಂಡ್ ನಿಂತಿತು, ಆಕೆ ಪೂರ್ತಿ ವರ್ಕ್‌ಲೋಡ್ ಹೊತ್ತು ಪಾಠ ಮಾಡುತ್ತಾ ಒಂದು ವರ್ಷ ತಡವಾಗಿ, 2024ರಲ್ಲಿ ಥೀಸಿಸ್ ಸಮರ್ಥಿಸಿಕೊಂಡಳು. ಸಹಪಾಠಿ ಆ ಹೊತ್ತಿಗಾಗಲೇ ಡಾಕ್ಟರ್ ಆಗಿ ಬಡ್ತಿ ಪಡೆದಿದ್ದ.

ಉತ್ತರ ‘ಬಿ’

ಥೀಸಿಸ್‌ಗಿಂತ ನನಗೆ ಹೆಚ್ಚು ಕಲಿಸಿದ್ದು ಆಕೆಯ ತರಗತಿ. ಕಜಕಸ್ತಾನದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಓದುವವರೂ ರಾಜ್ಯಶಾಸ್ತ್ರವನ್ನು ಕಡ್ಡಾಯವಾಗಿ ಓದಬೇಕು. ಸಮಾಜಶಾಸ್ತ್ರ, ಸಂಸ್ಕೃತಿ ಅಧ್ಯಯನ, ಮನಶ್ಶಾಸ್ತ್ರದ ಜೊತೆ ಸೇರಿಸಿ ಎಂಟು ಕ್ರೆಡಿಟ್. ಆಕೆಗೆ ಬಂದದ್ದು ಕಜಕ್ ಮಾಧ್ಯಮದ ಗುಂಪು, ಬಹುಪಾಲು ಹಳ್ಳಿಯ ಮಕ್ಕಳು. ರಾಜ್ಯಶಾಸ್ತ್ರಕ್ಕೆ ಅವರ ಭಾಷೆಯಲ್ಲಿ ‘ಸಾಯಸತ್ತಾನು’ ಎಂಬ ಚಂದದ ಹೆಸರಿದೆ, ನಮ್ಮ ಕಿವಿಗೆ ಬಿದ್ದಿರುವ ‘ಸಿಯಾಸತ್’ ಅದರೊಳಗೇ ಇದೆ. ಪಠ್ಯದ ಭಾಷೆ ಮಾತ್ರ ರಷ್ಯನ್ನಿನಿಂದ ಎತ್ತಿ ತಂದದ್ದು. ಕಾನೂನಿನ ಪ್ರಕಾರ ಇರುವ ಅಧಿಕಾರ ಬೇರೆ, ಜನ ಒಪ್ಪಿದ ಅಧಿಕಾರ ಬೇರೆ ಎಂಬುದು ಮೊದಲ ವಾರದ ಪಾಠ. ಹುಡುಗರು ಎರಡಕ್ಕೂ ಕಾನೂನಿನಿಂದ ಹುಟ್ಟಿದ ಒಂದೇ ಪದ ಬಳಸುತ್ತಿದ್ದರು. ಆಕೆ ಪಠ್ಯ ಮಡಿಸಿಟ್ಟು ಕೇಳಿದಳು: ನಿಮ್ಮೂರಿನ ಅಕಿಮ್ ಯಾರು, ಅವನನ್ನು ಅಲ್ಲಿ ಕೂರಿಸಿದ್ದು ಯಾರು, ಅವನ ಮಾತು ಕೇಳುತ್ತೀರಾ? ಮೂರನೆಯ ಪ್ರಶ್ನೆಗೆ ತರಗತಿ ಬಾಯಿಬಿಟ್ಟಿತು. ಕಾನೂನಿನ ಪ್ರಕಾರ ಆತ ಅಕಿಮ್, ಆದರೆ ಜಗಳ ಬಂದರೆ ನಾವು ಹೋಗುವುದು ಮುದುಕರ ಹತ್ತಿರ ಎಂದ ಒಬ್ಬ. ವ್ಯತ್ಯಾಸ ತಾನಾಗಿ ಹೊರಬಂತು.

2021ರ ಡಿಸೆಂಬರಿನಲ್ಲಿ ಕಂಪ್ಯೂಟರ್ ಪರೀಕ್ಷೆ. ಪ್ರಶ್ನೆ ಬ್ಯಾಂಕಿನಲ್ಲಿ 147ನೆಯದು: ಹಳ್ಳಿಯ ಅಕಿಮ್ ಅಧಿಕಾರಕ್ಕೆ ಬರುವುದು ಹೇಗೆ? ಸರಿಯುತ್ತರ ‘ಬಿ’, ಮಸ್ಲಿಖಾತ್ ಸದಸ್ಯರ ಮತದಿಂದ. ‘ಸಿ’, ಜನರ ನೇರ ಮತದಿಂದ. ಒಬ್ಬ ವಿದ್ಯಾರ್ಥಿ ‘ಸಿ’ ಒತ್ತಿ ಅಂಕ ಕಳೆದುಕೊಂಡ. ಮೇಲ್ಮನವಿ ಹಾಕಿದ. ಸಮಿತಿಯ ಮುಂದೆ ಆತ ಹೇಳಿದ್ದು ಒಂದೇ ವಾಕ್ಯ: ಜುಲೈನಲ್ಲಿ ನಮ್ಮೂರ ಶಾಲೆಯಲ್ಲಿ ನಾನೇ ಮತ ಹಾಕಿದ್ದೇನೆ.

ಸಮಿತಿ ಕಂಗಾಲಾಯಿತು. ಆತ ಹೇಳಿದ್ದು ಸರಿ. ಹಳೆಯ ಅಕಿಮನ ಅವಧಿ ಮುಗಿಯದ ಹಳ್ಳಿಗಳ ಮಟ್ಟಿಗೆ ‘ಬಿ’ಯೂ ಸುಳ್ಳಲ್ಲ. ಎರಡು ಉತ್ತರ ಸರಿಯಿರುವ ಪ್ರಶ್ನೆಗೆ ಆ ಸಾಫ್ಟ್‌ವೇರಿನಲ್ಲಿ ಜಾಗವಿರಲಿಲ್ಲ. ಹಿಂದಿನ ಚೀಟಿ ಪರೀಕ್ಷೆಯಾಗಿದ್ದರೆ ಹುಡುಗ ಎರಡನ್ನೂ ವಿವರಿಸಿ ಪೂರ್ತಿ ಅಂಕ ತೆಗೆಯುತ್ತಿದ್ದ ಎಂದು ಅಗಾಯ್ ಸಭೆಯಲ್ಲೇ ಗೊಣಗಿದರಂತೆ. ಉತ್ತರ ತಿದ್ದುವುದಾದರೆ ಹಳೆಯ ಪರೀಕ್ಷೆಗಳ ಫಲಿತಾಂಶವನ್ನೂ ಮುಟ್ಟಬೇಕಾಗುತ್ತದೆಯೇ ಎಂದು ಯಾರೋ ಕೇಳಿದರು. ಪ್ರಶ್ನೆಗೆ ಎರಡು ಸಾಲು ಸೇರಿಸಿ ಕಾಲ, ಸ್ಥಳ ಸ್ಪಷ್ಟಪಡಿಸೋಣ ಎಂದು ಸಂಶೋಧಕಿ ಸೂಚಿಸಿದಳು. ಅದಕ್ಕೆ ಕಾಫೆದ್ರಾದ ನಿರ್ಣಯ, ಮೇಲಿನ ಸಮಿತಿಯ ನಿರ್ಣಯ, ಎರಡು ಭಾಷೆಯ ಹೊಸ ಪ್ರತಿ ಬೇಕಿತ್ತು. ಹುಡುಗನಿಗೆ ಅಂಕ ಕೊಟ್ಟು ಪ್ರಶ್ನೆಯನ್ನು ಕೈಬಿಡುವುದೆಂದು ತೀರ್ಮಾನವಾಯಿತು.

2023ರಲ್ಲಿ ನಾನು ಹೋದಾಗ ಆಕೆ ಆ ಕಡತವನ್ನು ತೆರೆದು ತೋರಿಸಿದಳು. ಬದಿಯಲ್ಲಿ ಕೆಟಲ್ ಸದ್ದು ಮಾಡುತ್ತಿತ್ತು. 146 ಸಂವಿಧಾನದ ಮೇಲೆ, 148 ರಾಜಕೀಯ ಪಕ್ಷಗಳ ಮೇಲೆ. ನಡುವಿನ ಸಂಖ್ಯೆ ಇರಲಿಲ್ಲ. ಮುಂದಿನವನ್ನೆಲ್ಲ ಒಂದೊಂದು ಹಿಂದಕ್ಕೆ ಎಣಿಸಬಹುದಿತ್ತಲ್ಲ ಎಂದೆ. ಅದಕ್ಕೂ ನಿರ್ಣಯ ಬೇಕು ಸರ್ ಎಂದು ನನ್ನ ಪಿಯಾಲೆಗೆ ಅರ್ಧ ಚಹಾ ಸುರಿದಳು.